ಮರದ ಕಾರ್ ಶೆಡ್ಡು: ನಿಲ್ಲುವುದು ಹೇಗೆ, ಸೋಲುವುದು ಎಲ್ಲಿ

ಗ್ಯಾರೇಜು ಎಂದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು ಗಾಡಿ ರಿಪೇರಿಯ ಜಾಗ. ಮನೆಯಂಗಳದಲ್ಲಿ ಕಾರು ನಿಲ್ಲಿಸಲು ಕಟ್ಟಿಕೊಳ್ಳುವ ಮಾಡಿಗೆ ನಾವು ಶೆಡ್ಡು ಎಂದೇ ಹೇಳುತ್ತೇವೆ. ಗೋವಾದ ಫೋಂಡಾ ಕಡೆ ನೆಲೆಸಿರುವ ನಮ್ಮಂಥ ಕನ್ನಡದ ಮನೆಗಳಲ್ಲಿ ಹೆಚ್ಚಿನವರು ನಾಲ್ಕು ಕಬ್ಬಿಣದ ಪೈಪು ನೆಟ್ಟು, ಮೇಲೆ ತಗಡು ಹೊದಿಸಿ ಈ ಕೆಲಸವನ್ನು ಎರಡು ದಿನದಲ್ಲಿ ಮುಗಿಸುತ್ತಾರೆ. ಅದೇ ಶೆಡ್ಡನ್ನು ಮರದ ಕಂಬ, ತೊಲೆ, ಪಕ್ಕಾಸುಗಳಿಂದ (ನೆತ್ತಿಯಿಂದ ಸೂರಿನವರೆಗೆ ಇಳಿಜಾರಾಗಿ ಹಾಯುವ ಮರಗಳಿಂದ) ಕಟ್ಟಿ ಹಂಚು ಹೊದಿಸಬೇಕೆಂದು ಹೊರಟವರಿಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಇಷ್ಟೊಂದು ಹಂಚಿನ ಭಾರವನ್ನು ಮರ ತಡೆದೀತೇ ಎಂಬುದು. ನನ್ನನ್ನೂ ಮೊದಲು ಕಾಡಿದ್ದು ಇದೇ ಪ್ರಶ್ನೆ. ಆದರೆ ಕಟ್ಟಿ ಮುಗಿಸಿ, ಕೆಲವು ಮಳೆಗಾಲ ಕಳೆದ ಮೇಲೆ ತಿಳಿದದ್ದೇನೆಂದರೆ, ಮೂರು ಪ್ರಶ್ನೆಗಳಲ್ಲಿ ಇದೇ ಅತ್ಯಂತ ಸುಲಭದ್ದು. ಗಾಳಿ ಬದಿಯಿಂದ ತಳ್ಳಿದಾಗ ಚೌಕಟ್ಟು ವಾಲದಂತೆ ಏನು ಹಿಡಿದಿದೆ, ಕಂಬದ ಬುಡಕ್ಕೆ ಬಂದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಉಳಿದ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಶೆಡ್ಡುಗಳೇ ಕೆಡುತ್ತವೆ.

ಭಾರದ ಲೆಕ್ಕವನ್ನು ಮೊದಲು ಮುಗಿಸೋಣ. ಒಂದು ಕಾರಿಗೆ 12 ಅಡಿ ಅಗಲ, 20 ಅಡಿ ಉದ್ದದ ಜಾಗವಿದ್ದರೆ ಎರಡೂ ಬದಿಯ ಬಾಗಿಲು ತೆರೆದು ಇಳಿಯಬಹುದು. ಇದಕ್ಕೆ ಸುತ್ತಲೂ ಎರಡಡಿಯ ಆಸುಪಾಸು ಹೊರಚಾಚು ಕೊಟ್ಟು, 30 ಡಿಗ್ರಿ ಇಳಿಜಾರಿನ ಎರಡು ಪಕ್ಕದ ಮಾಡು ಮಾಡಿದರೆ, ಹೊದಿಸಬೇಕಾದ ವಿಸ್ತೀರ್ಣ ಸುಮಾರು 42 ಚದರ ಮೀಟರ್ ಆಗುತ್ತದೆ. ಮಂಗಳೂರು ಹಂಚಿಗೆ, ಅದು ಕೂರುವ ಅಡ್ಡ ಪಟ್ಟಿಯಾದ ರೀಪು ಸಹಿತ, ಚದರ ಮೀಟರಿಗೆ ಸುಮಾರು 65 ಕಿಲೋ ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. ಅಂದರೆ ಮಾಡಿನ ಮೇಲೆ ಸುಮಾರು 2,700 ಕಿಲೋ. ಕೇಳಲು ಭಯವೆನಿಸುವ ಸಂಖ್ಯೆಯೇ ಹೌದು. ಆದರೆ ಬದಿಗೆ ಮೂರರಂತೆ ಆರು ಕಂಬಗಳಿದ್ದರೆ, ಅತಿ ಹೆಚ್ಚು ಹೊರೆ ಬೀಳುವ ನಡುವಿನ ಕಂಬಕ್ಕೂ ಬರುವುದು 560 ಕಿಲೋ ಮಾತ್ರ. ಆರಿಂಚು ಚೌಕದ ಕಂಬದಲ್ಲಿ ಇದು ಪ್ರತಿ ಚದರ ಸೆಂಟಿಮೀಟರಿಗೆ ಎರಡೂವರೆ ಕಿಲೋ ಆಗುತ್ತದೆ, ಗಟ್ಟಿ ಜಾತಿಯ ಮರವಾದರೋ ಎಳೆಯ ದಿಕ್ಕಿನಲ್ಲಿ ಇದರ ಹತ್ತಾರು ಪಟ್ಟು ಒತ್ತಡವನ್ನು ತಡೆಯುತ್ತದೆ. ತೊಲೆಯ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು, ಏಕೆಂದರೆ ತೊಲೆ ಅದುಮಿಸಿಕೊಳ್ಳುವುದಿಲ್ಲ, ಬಾಗುತ್ತದೆ. ಬಾಗುವಿಕೆಯನ್ನು ತಡೆಯುವುದು ಅಗಲಕ್ಕಿಂತ ಎತ್ತರ: ಮೂರಿಂಚು ಆರಿಂಚಿನ ಮರವನ್ನು ಮಲಗಿಸಿ ಇಡುವುದಕ್ಕಿಂತ ನಿಲ್ಲಿಸಿ ಇಟ್ಟರೆ ಅದೇ ಮರ ನಾಲ್ಕು ಪಟ್ಟು ಬಿಗಿಯಾಗಿರುತ್ತದೆ. ಒಂದು ಪೈಸೆ ಖರ್ಚಿಲ್ಲದ ಈ ಲಾಭವನ್ನು, ಸಾಲು (ಕಂಬಗಳ ತಲೆಯ ಮೇಲೆ ಉದ್ದಕ್ಕೆ ಹಾಯುವ ತೊಲೆ) ಚೆನ್ನಾಗಿ ಕೂರುತ್ತದೆ ಎಂಬ ಕಾರಣಕ್ಕೆ ಮಲಗಿಸಿಟ್ಟು ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಇಳಿಜಾರು ಮಾಡಿನ ಭಾರ ನೇರವಾಗಿ ಕೆಳಗೆ ಮಾತ್ರ ಹೋಗುವುದಿಲ್ಲ ಎಂಬುದು ಇದಕ್ಕಿಂತ ಸೂಕ್ಷ್ಮವಾದ ಸಂಗತಿ. ನೆತ್ತಿಯಲ್ಲಿ ಒಂದಕ್ಕೊಂದು ಒರಗಿ ನಿಂತ ಎರಡು ಪಕ್ಕಾಸುಗಳು, ನುಣುಪು ನೆಲದ ಮೇಲೆ ಗೋಡೆಗೆ ಒರಗಿಸಿದ ಏಣಿಯಂತೆ, ಕಾಲನ್ನು ಹೊರಕ್ಕೆ ಜಾರಿಸಲು ನೋಡುತ್ತವೆ. ಮೇಲೆ ಹೇಳಿದ ಅಳತೆಯ ಶೆಡ್ಡಿನಲ್ಲಿ ಈ ಹೊರನೂಕು ಒಂದೊಂದು ಬದಿಗೆ ಸುಮಾರು 700 ಕಿಲೋ ಆಗುತ್ತದೆ. ಅದನ್ನು ಹಿಡಿದಿಡುವುದು ಎರಡು ಬದಿಯ ಕಂಬಗಳ ತಲೆಯನ್ನು ಜೋಡಿಸುವ ಅಡ್ಡ ತೊಲೆ. ಪಕ್ಕಾಸು ಎರಡು, ಅಡ್ಡ ತೊಲೆ ಒಂದು ಸೇರಿ ಆಗುವ ತ್ರಿಕೋನವನ್ನೇ ನಮ್ಮ ಆಚಾರಿಗಳು ಕತ್ತರಿ ಎನ್ನುವುದು. ಈ ಅಡ್ಡ ತೊಲೆಯ ಮೇಲೆ ಯಾವ ಭಾರವೂ ಇಲ್ಲದಂತೆ ಕಾಣುವುದರಿಂದ, ಎತ್ತರದ ಗಾಡಿ ಕೊಂಡವರು ಇದು ಸುಮ್ಮನೆ ಅಡ್ಡ ಬರುತ್ತಿದೆ ಎಂದು ಕತ್ತರಿಸಿ ತೆಗೆಯುವುದುಂಟು. ಅದು ಹೊರೆ ಹೊರುವ ತೊಲೆಯಲ್ಲ, ಹಗ್ಗದಂತೆ ಎಳೆದು ಹಿಡಿಯುವ ತೊಲೆ. ತೆಗೆದ ಮರುದಿನವೇ ಏನೂ ಆಗದು, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬದಿಯ ಸಾಲು ಹೊಟ್ಟೆ ಬಿಟ್ಟು, ನೆತ್ತಿ ಕುಸಿದು, ಹಂಚಿನ ನಡುವೆ ಬೆಳಕು ಕಾಣತೊಡಗುತ್ತದೆ.

ಇನ್ನು ಗಾಳಿ. ನಮ್ಮ ದೇಶದ ಕಟ್ಟಡ ಸಂಹಿತೆಯಲ್ಲಿ ಪಣಜಿಗೆ ಹಿಡಿದಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ಪುಣೆಗೂ ಇಷ್ಟೇ, ಮುಂಬಯಿಗೆ 44 ಮೀಟರ್. ಇದು ದಿನನಿತ್ಯ ಬೀಸುವ ಗಾಳಿಯಲ್ಲ, ಹಲವು ದಶಕಗಳಿಗೊಮ್ಮೆ ಬರಬಹುದಾದ ಹೊಡೆತ. 2021ರ ಮೇ ತಿಂಗಳಲ್ಲಿ ತೌಕ್ತೇ ಚಂಡಮಾರುತ ಗೋವಾದ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ ಉರುಳಿದ ಮರಗಳನ್ನು ಕಂಡವರಿಗೆ ಇದು ಕಾಗದದ ಮೇಲಿನ ಸಂಖ್ಯೆ ಮಾತ್ರ ಎನಿಸುವುದಿಲ್ಲ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ; 39 ಮೀಟರ್ ವೇಗದಲ್ಲಿ ಅದು ಚದರ ಮೀಟರಿಗೆ ಸುಮಾರು 93 ಕಿಲೋ. ಈಗ ಹಂಚಿನ 65 ಕಿಲೋ ಜೊತೆಗೆ ಇದನ್ನು ಹೋಲಿಸಿ ನೋಡಿ. ಮುಂದೆ ಬಾಯ್ದೆರೆದು ನಿಂತ ಶೆಡ್ಡಿನ ಒಳಗೆ ನುಗ್ಗಿದ ಗಾಳಿ ಮಾಡನ್ನು ಕೆಳಗಿನಿಂದ ಎತ್ತುತ್ತದೆ, ಹೊರಗಿನ ಗಾಳಿ ಮೇಲಿನಿಂದ ಹೀರುತ್ತದೆ. ಮೊದಲು ನಾವು ಯಾವ ಭಾರಕ್ಕೆ ಹೆದರಿದೆವೋ ಅದೇ ಭಾರ ಇಲ್ಲಿ ಮಾಡನ್ನು ನೆಲಕ್ಕೆ ಒತ್ತಿ ಹಿಡಿಯುವ ಉಪಕಾರಿ. ಹಂಚಿನ ಬದಲು ಚದರ ಮೀಟರಿಗೆ ಐದಾರು ಕಿಲೋ ಕೂಡ ತೂಗದ ತಗಡು ಹೊದಿಸುವವರು ಹೊರೆ ಕಡಿಮೆಯಾಯಿತು ಎಂದು ಸಣ್ಣ ಮೊಳೆ, ಸಪೂರ ಕಂಬಕ್ಕೆ ಇಳಿಯುವುದು ಈ ಲೆಕ್ಕವನ್ನು ತಲೆಕೆಳಗಾಗಿ ಓದಿದಂತೆ. ತಗಡಿನ ಮಾಡಿಗೆ ರೀಪಿನಿಂದ ಪಕ್ಕಾಸಿಗೆ, ಪಕ್ಕಾಸಿನಿಂದ ಸಾಲಿಗೆ, ಸಾಲಿನಿಂದ ಕಂಬಕ್ಕೆ, ಕಂಬದಿಂದ ಅಡಿಪಾಯಕ್ಕೆ ಎಲ್ಲೂ ಕೊಂಡಿ ತಪ್ಪದಂತೆ ಬೋಲ್ಟು ಅಥವಾ ಪಟ್ಟಿಯ ಬಿಗಿತ ಬೇಕು. ಹಂಚಿನ ಮಾಡಿಗೂ ಸೂರಂಚಿನ ಸಾಲುಗಳ ಹಂಚನ್ನು ತಂತಿಯಿಂದ ರೀಪಿಗೆ ಕಟ್ಟುವುದು ಒಳ್ಳೆಯದು, ಏಕೆಂದರೆ ಗಾಳಿ ಮೊದಲು ಕೀಳುವುದು ಅಂಚನ್ನೇ.

ಎತ್ತುವ ಗಾಳಿಗಿಂತ ತಳ್ಳುವ ಗಾಳಿಯ ಕಥೆ ಕಾರ್ ಶೆಡ್ಡಿಗೆ ವಿಶೇಷವಾದದ್ದು. ನಾಲ್ಕು ಕಾಲು, ನಾಲ್ಕು ಪಟ್ಟಿಯ ಹಳೆಯ ಮಂಚ ಕೀಲು ಸಡಿಲವಾದಾಗ ಹೇಗೆ ಓಲಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದರ ಕಾಲುಗಳು ಮುರಿದಿರುವುದಿಲ್ಲ, ಚೌಕ ಓರೆಯಾಗಿರುತ್ತದೆ ಅಷ್ಟೆ. ನಾಲ್ಕು ಬದಿಯ ಆಕಾರ ಬದಿಗಳ ಉದ್ದ ಬದಲಾಗದೆಯೇ ವಾಲಬಲ್ಲದು, ತ್ರಿಕೋನ ಹಾಗೆ ವಾಲಲಾರದು. ಆದ್ದರಿಂದ ಮರದ ಚೌಕಟ್ಟಿನ ಪ್ರತಿ ಬದಿಯಲ್ಲೂ ಎಲ್ಲಾದರೂ ಒಂದು ಓರೆ ಆಸರೆ ಇರಲೇಬೇಕು. ಮನೆಗೆ ನಾಲ್ಕೂ ಕಡೆ ಗೋಡೆಯಿರುವುದರಿಂದ ಈ ಕೆಲಸವನ್ನು ಗೋಡೆಯೇ ಮಾಡಿಬಿಡುತ್ತದೆ. ಶೆಡ್ಡಿನ ಹಿಂಬದಿಗೂ ಎರಡು ಪಕ್ಕಕ್ಕೂ ಉದ್ದದ ಓರೆ ಮರ ಕೊಡಲು ಅಡ್ಡಿಯಿಲ್ಲ. ಮುಂಭಾಗದಲ್ಲಿ ಮಾತ್ರ ಕಾರು ಹೋಗಬೇಕಾದ್ದರಿಂದ ಅಡ್ಡಕ್ಕೆ ಏನನ್ನೂ ಹಾಕುವಂತಿಲ್ಲ, ಅತಿ ಹೆಚ್ಚು ಬಿಗಿ ಬೇಕಾದ ಜಾಗವೇ ಅತಿ ಖಾಲಿಯಾಗಿರುತ್ತದೆ. ಕಂಬ ಮತ್ತು ತೊಲೆ ಕೂಡುವ ಎರಡು ಮೇಲ್ಮೂಲೆಗಳಲ್ಲಿ, ಮೂಲೆಯಿಂದ ಎರಡೂವರೆ ಅಥವಾ ಮೂರು ಅಡಿ ದೂರಕ್ಕೆ, 45 ಡಿಗ್ರಿಯಲ್ಲಿ ಕೂರಿಸುವ ಗಿಡ್ಡ ಓರೆ ಮರ ಇದಕ್ಕಿರುವ ಹಳೆಯ ಉತ್ತರ.

ನಮ್ಮ ಶೆಡ್ಡು ಕಟ್ಟಿದವರು ಅಂಕೋಲೆಯ ಕಡೆಯಿಂದ ಬಂದ ಆಚಾರಿಗಳು. ಮುಂದಿನ ಮೂಲೆಗೆ ಆಸರೆ ಕೂರಿಸಲು ಗುರುತು ಹಾಕುತ್ತಿದ್ದಾಗ, ಕಾರಿನ ಮೇಲಿನ ಕ್ಯಾರಿಯರ್ ತಗುಲೀತೆಂಬ ಅಂಜಿಕೆಯಿಂದ ನಾನೇ ಬೇಡವೆಂದೆ. "ಮನೆಗಾದ್ರೆ ಗೋಡೆ ಇರ್ತದೆ ಸರ್, ಇದಕ್ಕೆ ಬಾಯಿ ಮಾತ್ರ ಇರೋದು," ಎಂದು ಒಮ್ಮೆ ಹೇಳಿ ಅವರು ಸುಮ್ಮನಾದರು. ಆ ವರ್ಷ ಆರಿದ್ರಾ ಮಳೆಯ ಗಾಳಿಯಲ್ಲಿ ಎರಡೆಲೆಯ ಬಾಗಿಲಿನ ಅಗಣಿ ಕೂಡದಾಯಿತು. ಒಂದು ಎಲೆಯ ತುದಿ ಇನ್ನೊಂದಕ್ಕಿಂತ ಮುಕ್ಕಾಲು ಇಂಚು ಕೆಳಗಿತ್ತು. ಬಾಗಿಲು ಜೋತಿದೆ ಎಂದುಕೊಂಡ ನಾನು ಬಿಜಾಗರಿಯ ಸ್ಕ್ರೂಗಳನ್ನು ಒಂದು ಸಂಜೆಯೆಲ್ಲ ಬಿಗಿ ಮಾಡಿದೆ, ಫಲ ಸಿಗಲಿಲ್ಲ. ಆಚಾರಿಗಳು ಬಂದು ಬಾಗಿಲನ್ನು ಮುಟ್ಟಲೇ ಇಲ್ಲ. ಕಂಬದ ತಲೆಗೆ ಒಂದು ಮೊಳೆ ಹೊಡೆದು ತೂಕದ ಗುಂಡು ಇಳಿಬಿಟ್ಟು, ದಾರಕ್ಕೂ ಕಂಬದ ಬುಡಕ್ಕೂ ನಡುವಿನ ಸಂದನ್ನು ಹೆಬ್ಬೆರಳಿನಿಂದ ತೋರಿಸಿದರು. ಎರಡೂ ಕಂಬಗಳು ಒಂದೇ ಕಡೆಗೆ ವಾಲಿದ್ದವು. ಒಂದೇ ಕಡೆಗೆ ವಾಲಿದ ಎರಡು ಕಂಬಗಳಿಗೆ ಎದುರುಬದುರಾಗಿ ತೂಗಿದ ಎಲೆಗಳಲ್ಲಿ ಒಂದರ ತುದಿ ಇಳಿಯುತ್ತದೆ, ಇನ್ನೊಂದರ ತುದಿ ಏರುತ್ತದೆ; ಕಂಬ ವಾಲಿದ್ದನ್ನು ಬಾಗಿಲು ದುಪ್ಪಟ್ಟು ಮಾಡಿ ತೋರಿಸುತ್ತಿತ್ತು. ಹಗ್ಗ ಕಟ್ಟಿ ಚೌಕಟ್ಟನ್ನು ನೆಟ್ಟಗೆ ಎಳೆದು, ಅಂದು ಬಿಟ್ಟಿದ್ದ ಆಸರೆಗಳನ್ನು ಕೂರಿಸಿದ ಮೇಲೆ ಅಗಣಿ ತಾನಾಗಿ ಕೂಡಿತು. ಎಂಟಡಿ ಎತ್ತರದ ಕಂಬದಲ್ಲಿ ಆಸರೆಯ ಕೆಳತುದಿ ಐದೂವರೆ ಅಡಿಯಲ್ಲಿ, ಅದೂ ಕಂಬಕ್ಕೆ ಅಂಟಿಕೊಂಡೇ ಇರುವುದರಿಂದ ಕ್ಯಾರಿಯರ್ ಇಂದಿನವರೆಗೂ ಅದಕ್ಕೆ ತಗುಲಿಲ್ಲ.

ಮೂರನೆಯ ಪ್ರಶ್ನೆ ನೀರಿನದು. ಮರ ತಾನಾಗಿ ಮುದಿಯಾಗಿ ಕೆಡುವುದಿಲ್ಲ; ಅದನ್ನು ಕೆಡಿಸುವುದು ಬೂಷ್ಟು ಜಾತಿಯ ಜೀವಿಗಳು, ಅವುಗಳಿಗೆ ಬೇಕಾದದ್ದು ತೇವ. ಮರದ ಒಣತೂಕದ ಶೇಕಡಾ 20ಕ್ಕಿಂತ ಕಡಿಮೆ ತೇವವಿದ್ದರೆ ಅವು ಬೆಳೆಯಲಾರವು. ಮೇಲೆ ಮಾಡು, ಸುತ್ತ ಗಾಳಿ ಇರುವ ಪಕ್ಕಾಸಿನಲ್ಲಿ ತೇವ ಈ ಮಿತಿಯೊಳಗೇ ಉಳಿಯುವುದು ಕಷ್ಟವೇನಲ್ಲ. ಅಪಾಯವಿರುವುದು ಕಂಬದ ಬುಡದಲ್ಲಿ. ಮರದ ಎಳೆಗಳು ಉದ್ದಕ್ಕೂ ಸಣ್ಣ ಕೊಳವೆಗಳಂತಿರುತ್ತವೆ. ಪಕ್ಕದ ಮೈಯಿಂದ ನೀರು ನಿಧಾನವಾಗಿ ಒಳಸೇರಿದರೆ, ಕತ್ತರಿಸಿದ ತುದಿಯಿಂದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರುತ್ತದೆ. ಕಂಬವನ್ನು ಗುಂಡಿಯಲ್ಲಿ ನಿಲ್ಲಿಸಿ ಸುತ್ತ ಕಾಂಕ್ರೀಟು ಸುರಿಯುವುದು ಗಟ್ಟಿಮುಟ್ಟಾಗಿ ಕಂಡರೂ, ಮರ ಒಣಗಿ ಸೊರಗಿದಾಗ ಸುತ್ತ ಉಳಿಯುವ ಕೂದಲೆಳೆ ಸಂದಿಗೆ ನೀರಿಳಿದು, ಹೊರಬರಲು ದಾರಿಯಿಲ್ಲದೆ ಬುಡವನ್ನು ವರ್ಷವಿಡೀ ನೆನೆಸಿಡುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಇದಕ್ಕಿಂತ ಕೆಟ್ಟ ವಿಧಾನ ಬೇರೆ ನನಗೆ ತೋಚುವುದಿಲ್ಲ.

ಕೊಂಕಣದ ಹಳೆಯ ಮನೆಗಳ ಜಗಲಿ ಕಂಬಗಳು ನೆಲದಿಂದ ಎತ್ತರಿಸಿದ ಕಲ್ಲಿನ ಪೀಠದ ಮೇಲೆ ಕೂತಿರುವುದು ಅಂದಕ್ಕಾಗಿ ಮಾತ್ರವಲ್ಲ. ನಾವೂ ಚೀರೆಕಲ್ಲಿನಿಂದ ಒಂದಡಿ ಎತ್ತರದ ಪೀಠ ಕಟ್ಟಿಸಿದೆವು. ಆದರೆ ಚೀರೆಕಲ್ಲು ಸ್ವತಃ ನೀರು ಹೀರುವ ಕಲ್ಲು. ಅದರ ಮೇಲೆ ನೇರವಾಗಿ ಮರ ನಿಲ್ಲಿಸಿದರೆ ನೆಲದ ತೇವ ಕಲ್ಲಿನ ಮೂಲಕವೇ ಮೇಲೇರುತ್ತದೆ. ಆದ್ದರಿಂದ ನಡುವೆ ಒಂದು ಕರಿಕಲ್ಲಿನ ಹಾಸು, ಅದರ ಮೇಲೆ ಸತು ಲೇಪಿಸಿದ ಉಕ್ಕಿನ ಜೋಡು (ಕಂಬದ ಬುಡವನ್ನು ಹಿಡಿಯುವ ಪಾದರಕ್ಷೆಯಂಥ ತೊಡಿಗೆ) ಇಟ್ಟು, ಕಂಬದ ತುದಿ ಕಲ್ಲಿಗೆ ತಾಗದಂತೆ ಒಂದು ಬೆರಳಿನಷ್ಟು ಸಂದು ಬಿಡಲಾಯಿತು. ಈ ಜೋಡಿನ ಕೆಳಗಿನ ಸರಳು ಪೀಠದ ನಡುವಿನ ಕಾಂಕ್ರೀಟಿನಲ್ಲಿ ಹೂತು ಅಡಿಪಾಯದವರೆಗೂ ಇಳಿದಿರುವುದರಿಂದ, ಗಾಳಿ ಎತ್ತಿದಾಗ ಹಿಡಿಯುವ ಕೆಲಸವೂ ಅದರದೇ. ಬುಡದ ಸುತ್ತ ಬಯಲಾಗಿರುವುದರಿಂದ ಇನ್ನೊಂದು ಲಾಭವಿದೆ: ಗೆದ್ದಲು ಏರಬೇಕಾದರೆ ಪೀಠದ ಮೈಮೇಲೆ ಮಣ್ಣಿನ ಗೆರೆ ಕಟ್ಟಿಕೊಂಡೇ ಬರಬೇಕು, ಅದು ಕಣ್ಣಿಗೆ ಬೀಳುತ್ತದೆ. ಅಡಿಪಾಯದ ಮಣ್ಣಿಗೆ ಗೆದ್ದಲು ಔಷಧಿ ಹಾಕಿಸುವುದು ಸರಿಯೇ, ಆದರೆ ನೋಡಲು ಸಾಧ್ಯವಿರುವ ಪೀಠ ಅದಕ್ಕಿಂತ ಹೆಚ್ಚು ಕಾಲ ಕೆಲಸ ಮಾಡುತ್ತದೆ.

ಮರದ ಆಯ್ಕೆಯಲ್ಲಿ ಸಾಗುವಾನಿಯ ಹೆಸರೇ ಮೊದಲು ಬರುತ್ತದೆ, ಅದರ ಬೆಲೆಗೂ ಅಷ್ಟೇ ಹೆಸರಿದೆ. ಗೋವಾದ ರಾಜ್ಯವೃಕ್ಷವೂ ಆಗಿರುವ ಮತ್ತಿ ಸಾಗುವಾನಿಗಿಂತ ತೂಕದ, ಗಟ್ಟಿ ಮರ. ಕಂಬ ತೊಲೆಗಳಿಗೆ ಚೆನ್ನಾಗಿ ಒದಗುತ್ತದೆ, ಆದರೆ ಒಣಗುವಾಗ ಸೀಳು ಬಿಡುವ ಸ್ವಭಾವವುಂಟು. ಹೊನ್ನೆ, ನಂದಿ, ಹಲಸು ಕೂಡ ಬಳಕೆಯಲ್ಲಿವೆ. ಯಾವ ಜಾತಿಯಾದರೂ ತಿರುಳು ಮರವನ್ನೇ ಕೇಳಿ ಪಡೆಯಬೇಕು. ತೊಗಟೆಯ ಪಕ್ಕದ ತಿಳಿ ಬಣ್ಣದ ಬಿಳಿಮರ ಸಾಗುವಾನಿಯದಾದರೂ ಹುಳಕ್ಕೆ ಹಬ್ಬದೂಟ. ಸ್ವಂತ ಹಿತ್ತಲಿನ ಮರವಾದರೂ ಗೋವಾದಲ್ಲಿ 1984ರ ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಮಿಲ್ಲಿನಿಂದ ತಂದರೆ ಬಿಲ್ಲನ್ನು ಜೋಪಾನವಾಗಿಡಬೇಕು, ಕಟ್ಟುವ ಮೊದಲು ಪಂಚಾಯಿತಿಯಲ್ಲಿ ವಿಚಾರಿಸಬೇಕು.

ಮಿಲ್ಲಿನವರು ಒಣಗಿದೆ ಎಂದ ಮರ ನಿಜಕ್ಕೂ ಒಣಗಿದೆಯೇ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ತೊಲೆಯ ತುದಿಯಿಂದ ಒಂದಡಿ ಒಳಗೆ ಗೇಣುದ್ದದ ತುಂಡು ಕತ್ತರಿಸಿ ತೂಗಬೇಕು. ಬಳಿಕ ಅದನ್ನು 100 ಡಿಗ್ರಿಗೆ ತುಸು ಮೇಲಿನ ಶಾಖದ ಓವನ್ನಿನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. ಮೊದಲು 640 ಗ್ರಾಂ ಇದ್ದದ್ದು 520ಕ್ಕೆ ನಿಂತರೆ, ಹೋದ 120 ಗ್ರಾಂ ನೀರು ಒಣತೂಕದ ಶೇಕಡಾ 23. ಅಂಥ ಮರ ಇನ್ನೂ ಸೊರಗಲಿದೆ. ಮರ ಉದ್ದದಲ್ಲಿ ಸೊರಗುವುದು ನಗಣ್ಯ, ಅಗಲದಲ್ಲಿ ಮಾತ್ರ ಗಣನೀಯ. ವರ್ಷದ ಸುತ್ತುಗಳ ಗುಂಟ ಆಗುವ ಸೊರಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡು ಪಟ್ಟು ಇರುತ್ತದೆ. ಒಂದೇ ತುಂಡಿನೊಳಗಿನ ಈ ಅಸಮ ಎಳೆದಾಟವೇ ಕಂಬ ಸೀಳುವುದಕ್ಕೂ ಹಲಗೆ ಸೊಟ್ಟಗಾಗುವುದಕ್ಕೂ ಕಾರಣ. ಆರಿಂಚಿನ ಕಂಬ ಅಗಲದಲ್ಲಿ ಶೇಕಡಾ 5 ಸೊರಗಿದರೆ ಏಳೆಂಟು ಮಿಲಿಮೀಟರ್ ಕಡಿಮೆಯಾಗುತ್ತದೆ, ಆಗ ಅದನ್ನು ಹಿಡಿದ ಬೋಲ್ಟು ಅಷ್ಟು ಸಡಿಲ.

ಮೊಳೆಯಿಲ್ಲದ ಹಳೆಯ ಕೀಲು ಈ ಸೊರಗನ್ನು ಮೊದಲೇ ಊಹಿಸಿಕೊಂಡು ಮಾಡಿದ್ದು. ಕಂಬದ ತಲೆಯಲ್ಲಿ ನಾಲಿಗೆಯಂತೆ ಒಂದು ತುಂಡು ಉಳಿಸಿ, ತೊಲೆಯಲ್ಲಿ ಅದಕ್ಕೆ ತಕ್ಕ ಗೂಡು ಕೊರೆದು, ಎರಡನ್ನೂ ಸೇರಿಸಿ ಅಡ್ಡಲಾಗಿ ಮರದ ಗೂಟ ಹೊಡೆಯುತ್ತಾರೆ. ಜಾಣ್ಮೆಯಿರುವುದು ಗೂಟದ ತೂತಿನಲ್ಲಿ. ನಾಲಿಗೆಯಲ್ಲಿ ಕೊರೆಯುವ ತೂತು ತೊಲೆಯ ತೂತಿಗೆ ಸರಿಯಾಗಿ ಎದುರಿಗಿರುವುದಿಲ್ಲ, ಕಂಬದ ಹೆಗಲಿನ, ಅಂದರೆ ನಾಲಿಗೆಯ ಬುಡದ, ಕಡೆಗೆ ಎರಡು ಮೂರು ಮಿಲಿಮೀಟರ್ ಸರಿದಿರುತ್ತದೆ. ತುದಿ ಚೂಪು ಮಾಡಿದ ಒಣ ಗೂಟ ಈ ಸೊಟ್ಟ ದಾರಿಯಲ್ಲಿ ನುಗ್ಗುವಾಗ ತುಸು ಬಾಗಿ, ನಾಲಿಗೆಯನ್ನು ಗೂಡಿನೊಳಕ್ಕೆ ಎಳೆದು, ಹೆಗಲನ್ನು ತೊಲೆಗೆ ಒತ್ತುತ್ತದೆ, ಬಿಲ್ಲಿನ ಹೆದೆಯಂತೆ ಆ ಸೆಳೆತವನ್ನು ಉಳಿಸಿಕೊಂಡೂ ಇರುತ್ತದೆ. ಎಲ್ಲಾ ಕೀಲನ್ನೂ ಹೀಗೆ ಮಾಡಿಸುವಷ್ಟು ಕೂಲಿ ನನ್ನ ಕೈಗೆಟುಕಲಿಲ್ಲ. ಓರೆ ಆಸರೆ ಮತ್ತು ಕತ್ತರಿಯ ಕೀಲುಗಳಿಗೆ ಗೂಟ, ಉಳಿದ ಕಡೆ ಅಗಲ ವಾಷರಿನ ಬೋಲ್ಟು ಎಂದು ಒಪ್ಪಂದವಾಯಿತು. ಮತ್ತಿಯಂಥ ಒಗರಿನ ಮರಕ್ಕೆ ಬರಿಯ ಕಬ್ಬಿಣದ ಮೊಳೆ ಹೊಡೆದರೆ ತೇವದಲ್ಲಿ ಸುತ್ತ ಶಾಯಿ ಚೆಲ್ಲಿದಂತೆ ಕಪ್ಪಾಗಿ ಮೊಳೆಯೂ ಸವೆಯುತ್ತದೆ. ಸತು ಲೇಪಿಸಿದ್ದೋ ತುಕ್ಕು ಹಿಡಿಯದ ಉಕ್ಕಿನದೋ ಬೇಕು.

ಕೆಲಸದ ಕ್ರಮವನ್ನು ತೀರ್ಮಾನಿಸುವುದು ಪಂಚಾಂಗ. ಗೋವಾದ ಕೊಂಕಣಿಯಲ್ಲೂ ಮಿರ್ಗ ಎಂದೇ ಕರೆಯುವ ಮೃಗಶಿರಾ ಮಳೆ ಜೂನ್ ಮೊದಲ ವಾರದ ಹೊತ್ತಿಗೆ ಹಿಡಿಯುತ್ತದೆ. ಹಂಚು ಏಪ್ರಿಲ್ ಒಳಗೆ ಮೇಲೇರಬೇಕೆಂದು ಹಿಂದಕ್ಕೆ ಎಣಿಸಿದರೆ ಪೀಠದ ಕೆಲಸ ದೀಪಾವಳಿ ಮುಗಿಯುತ್ತಲೇ ಶುರುವಾಗಬೇಕು. ಪೀಠದ ಗುರುತು ಹಾಕುವಾಗ ಮೂಲೆಗಳು ನೇರವಾಗಿವೆಯೇ ಎಂಬುದನ್ನು ಕರ್ಣದ ಅಳತೆ ಹೇಳುತ್ತದೆ: 12 ಅಡಿಗೆ 20 ಅಡಿಯ ಚೌಕದಲ್ಲಿ ಎರಡೂ ಕರ್ಣಗಳು 23 ಅಡಿ 4 ಇಂಚಿಗೆ ಕೂದಲೆಳೆ ಕಡಿಮೆ ಬರಬೇಕು. ನಮ್ಮದರಲ್ಲಿ ಮೊದಲ ಸಲ ಒಂದು ಕರ್ಣ ಇನ್ನೊಂದಕ್ಕಿಂತ ಎರಡಿಂಚು ಉದ್ದ ಬಂದಿತ್ತು. ದಾರ ಕಟ್ಟಿದ ಗೂಟ ಸರಿಸಲು ಐದು ನಿಮಿಷ ಸಾಕು. ಇದೇ ದೋಷ ಹಂಚು ಹೊದಿಸುವಾಗ ತಿಳಿದರೆ ಸಾಲು ಸಾಲಿಗೂ ಹಂಚು ಕತ್ತರಿಸುತ್ತಾ ಹೋಗಬೇಕಾಗುತ್ತದೆ. ರೀಪಿನ ಅಂತರವನ್ನು ಪುಸ್ತಕದ ಅಳತೆಯಿಂದ ಹಾಕದೆ, ತಂದ ಹಂಚಿನಲ್ಲೇ ಹತ್ತನ್ನು ನೆಲದ ಮೇಲೆ ಒಂದಕ್ಕೊಂದು ಕೊಂಡಿ ಸೇರಿಸಿ ಜೋಡಿಸಿ ಅಳೆದುಕೊಳ್ಳುವುದು ಒಳಿತು. ನೆಲದ ಕಾಂಕ್ರೀಟಿಗೆ ಬಾಗಿಲ ಕಡೆಗೆ ಪ್ರತಿ ಐದಡಿಗೆ ಒಂದಿಂಚು ಇಳಿಜಾರು ಕೊಟ್ಟರೆ ಕಾರು ಹೊತ್ತು ತಂದ ಮಳೆನೀರು ತಾನೇ ಹೊರಗೆ ಹರಿಯುತ್ತದೆ. ಬದಿಗಳನ್ನು ಪೂರ್ತಿ ಹಲಗೆಯಿಂದ ಮುಚ್ಚದೆ ಮೇಲಿನ ಒಂದೂವರೆ ಅಡಿಯನ್ನು ಜಾಲರಿಯಾಗಿ ಬಿಡಬೇಕು, ಇಲ್ಲವಾದರೆ ಒದ್ದೆ ಕಾರಿನ ಆವಿಯೇ ಒಳಗಿನ ಮರವನ್ನು ನೆನೆಸುತ್ತದೆ.

ಮುಗಿದ ಮೇಲೆ ಉಳಿಯುವ ಕೆಲಸ ವರ್ಷಕ್ಕೊಮ್ಮೆಯದು. ಮರ ಅತಿ ಹೆಚ್ಚು ಒಣಗಿರುವ ಮೇ ತಿಂಗಳ ಮೊದಲ ವಾರದಲ್ಲಿ ನಟ್ಟುಗಳನ್ನು ಬಿಗಿ ಮಾಡುತ್ತೇನೆ. ಮೊದಲ ವರ್ಷ ಪ್ರತಿ ನಟ್ಟೂ ಮುಕ್ಕಾಲು ಸುತ್ತು ಹಿಡಿಯಿತು, ಮರುವರ್ಷ ಕಾಲು ಸುತ್ತು. ಬಿಗಿಯುವಾಗ ವಾಷರು ಮರದೊಳಕ್ಕೆ ಇಳಿಯತೊಡಗಿದರೆ ಅಲ್ಲಿಗೇ ನಿಲ್ಲಿಸಬೇಕು. ಬಳಿಕ ಹಳೆಯ ಸ್ಕ್ರೂಡ್ರೈವರ್ ಒಂದನ್ನು ಹಿಡಿದು ಆರು ಕಂಬಗಳ ಬುಡವನ್ನೂ, ಪೀಠಕ್ಕೆ ಬೆರಳಷ್ಟು ಮೇಲೆ, ಸುತ್ತಲೂ ಚುಚ್ಚಿ ನೋಡುತ್ತೇನೆ. ಗಟ್ಟಿ ಮರವಾದರೆ ಮೊನೆ ಟಕ್ಕೆಂದು ನಿಲ್ಲುತ್ತದೆ. ಕಳೆದ ಮೇ ತಿಂಗಳಲ್ಲಿ ನೈಋತ್ಯ ಮೂಲೆಯ ಕಂಬದ ಹೊರಮೈಯಲ್ಲಿ ಅದು ಸದ್ದಿಲ್ಲದೆ ಕಾಲಿಂಚು ಒಳಗೆ ಹೋಯಿತು. ಮೇಲೆ ನೋಡಿದರೆ ಆ ಮೂಲೆಯ ಸೂರಂಚಿನ ಒಂದು ಹಂಚು ಒಡೆದಿತ್ತು, ಮಳೆಗಾಲವಿಡೀ ನೀರು ಕಂಬದ ಮೈಗುಂಟ ಇಳಿದಿತ್ತು. ಹಂಚು ಬದಲಾಯಿಸಿ, ಮೆತ್ತಗಾದ ಪದರವನ್ನು ಉಳಿಯಿಂದ ಕೆತ್ತಿ ತೆಗೆದು ನೋಡಿದಾಗ ಒಳಗಿನ ಮರ ಇನ್ನೂ ಕೆಂಪಗೆ, ಒಣಗಿಯೇ ಇತ್ತು.